ಪ್ರತಿ ರಿಕ್ವೆಸ್ಟ್‌ಗೂ ಡೇಟಾಬೇಸ್ ಸೆಟ್ಟಿಂಗ್ ಕೇಳಲೇಬೇಕಾ?

ಯಾವುದಾದರೂ ವೆಬ್ ಆ್ಯಪ್‌ನಲ್ಲಿ ಪ್ರತಿ ರಿಕ್ವೆಸ್ಟ್‌ಗೂ, ಅಂದರೆ ಬ್ರೌಸರ್ ಏನಾದರೂ ಕೇಳಿದಾಗಲೆಲ್ಲ, ಓಡುವ ಮೊದಲ ಫೈಲ್ ತೆರೆದು ನೋಡಿ. ಡೇಟಾಬೇಸ್‌ನ ವಿಳಾಸ, ಪಾಸ್‌ವರ್ಡ್ ಬರೆದಿಟ್ಟ ಕಾನ್ಫಿಗ್ ಫೈಲ್ ಇದೆಯಾ ಅಂತ ಒಂದು ಸಾಲು. ಡೇಟಾಬೇಸ್ ಸಿಗುತ್ತಾ ಅಂತ ಇನ್ನೊಂದು. ಟೇಬಲ್‌ಗಳೆಲ್ಲ ಸರಿಯಾಗಿವೆಯಾ ಅಂತ ಮತ್ತೊಂದು. ಆಮೇಲೆ ಸೆಟ್ಟಿಂಗ್ಸ್ ಟೇಬಲ್ ಪೂರ್ತಿ ಓದುವ ಒಂದು ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕಳಿಸುವ ಪ್ರಶ್ನೆ. ಇಷ್ಟೆಲ್ಲ ಮುಗಿದ ಮೇಲೆ ಬಳಕೆದಾರ ಕೇಳಿದ ನಿಜವಾದ ಕೆಲಸ ಶುರುವಾಗುತ್ತದೆ. ಬರೆಯುವಾಗ ಇದು ಜಾಗರೂಕತೆ ಅನ್ನಿಸುತ್ತದೆ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಆ್ಯಪ್ ಕೂಡ ಅಲ್ಲೇ, ಡೇಟಾಬೇಸ್ ಕೂಡ ಅಲ್ಲೇ, ಹಾಗಾಗಿ ಇದರ ಭಾರ ಯಾರಿಗೂ ಗೊತ್ತಾಗುವುದಿಲ್ಲ.

ಆದರೆ ಈ ನಾಲ್ಕೂ ಬೇರೆ ಬೇರೆ ಪ್ರಶ್ನೆಗಳು. ಡೇಟಾಬೇಸ್‌ನ ವಿಳಾಸ, ಯೂಸರ್, ಪಾಸ್‌ವರ್ಡ್ ಬದಲಾಗುವುದು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಟೇಬಲ್‌ಗಳ ರಚನೆ ಬದಲಾಗುವುದು ನಾವೇ ಹೊಸ ಕೋಡ್ ಹಾಕಿದಾಗ ಮಾತ್ರ. ಆ್ಯಪ್ ಮತ್ತು ಡೇಟಾಬೇಸ್ ನಡುವಿನ ಕನೆಕ್ಷನ್ ಯಾವ ಗಳಿಗೆಯಲ್ಲಾದರೂ ಸಾಯಬಹುದು. ಸೆಟ್ಟಿಂಗ್ಸ್ ಬದಲಾಗುವುದು ಮಾಲೀಕರ ಮನಸ್ಸಿಗೆ ಬಂದಾಗ. ಇಷ್ಟು ಬೇರೆ ಬೇರೆ ವೇಗದಲ್ಲಿ ಬದಲಾಗುವ ವಿಷಯಗಳನ್ನು ಒಂದೇ ಕಡೆ, ಒಂದೇ ವೇಗದಲ್ಲಿ, ಪ್ರತಿ ರಿಕ್ವೆಸ್ಟ್‌ಗೂ ಕೇಳುತ್ತಾ ಕೂರುವುದೇ ತಪ್ಪು. ನಾಲ್ಕನ್ನೂ ಬಿಡಿಸಿ ನೋಡಿದರೆ ಮೂರಕ್ಕೆ ಪ್ರತಿ ಸಲ ಕೇಳುವ ಅಗತ್ಯವೇ ಇಲ್ಲ ಅಂತ ಗೊತ್ತಾಗುತ್ತದೆ. ನಾಲ್ಕನೆಯದಕ್ಕೂ ಬಹಳ ಸಲ ಪುಕ್ಕಟೆ ದಾರಿ ಇದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕಲಬುರಗಿಯ ನೆಹರು ಗಂಜ್‌ನಲ್ಲಿ ಒಂದು ಅಡತಿ ಅಂಗಡಿ. ಅವರಿಗೊಂದು ವೆಬ್ ಆ್ಯಪ್: ರೈತರು ತಂದ ತೊಗರಿಯ ತೂಕ ಬರೆಯುವುದು, ಹಮಾಲಿ ಲೆಕ್ಕ ಹಾಕುವುದು, ಪಟ್ಟಿ (ರೈತರಿಗೆ ಕೊಡುವ ಲೆಕ್ಕದ ಚೀಟಿ) ಪ್ರಿಂಟ್ ಮಾಡುವುದು. ಸೆಟ್ಟಿಂಗ್ಸ್‌ನಲ್ಲಿ ಹಮಾಲಿ ದರ, ಕಮಿಷನ್ ದರ, ಚೀಲದ ತೂಕಕ್ಕೆ ಎಷ್ಟು ಕಳೆಯಬೇಕು ಅನ್ನುವುದು, ಮತ್ತು "ಇವತ್ತಿನ ಲೆಕ್ಕ ಮುಚ್ಚಿದೆ" ಅನ್ನುವ ಒಂದು ಹೌದು-ಇಲ್ಲ. ತೊಗರಿ ಆವಕ ಜೋರಾಗುವ ಜನವರಿಯಲ್ಲಿ ಮಾಲೀಕರ ಬಂಧುಗಳು, ಗುಮಾಸ್ತರು, ದಾಲ್ ಮಿಲ್‌ನವರು ಎಲ್ಲ ಸೇರಿ 40 ಸ್ಕ್ರೀನ್ ತೆರೆದಿವೆ ಅಂದುಕೊಳ್ಳಿ. ಪ್ರತಿ ಸ್ಕ್ರೀನೂ 5 ಸೆಕೆಂಡಿಗೊಮ್ಮೆ ತಾನೇ ರಿಫ್ರೆಶ್ ಆಗುತ್ತದೆ. ನಿಮಿಷಕ್ಕೆ 480 ರಿಕ್ವೆಸ್ಟ್. 8 ಗಂಟೆಗೆ 2,30,400. ಅಂಗಡಿ ಒಂದೇ, ಸಣ್ಣ ಆ್ಯಪ್, ಆದರೂ ಇಷ್ಟು. ಆ ಎರಡು ಲಕ್ಷ ಚಿಲ್ಲರೆ ಸಲವೂ "ಹಮಾಲಿ ದರ ಎಷ್ಟು" ಅಂತ ಡೇಟಾಬೇಸನ್ನು ಕೇಳುತ್ತಿದ್ದೇವೆ. ಅದು ಬದಲಾಗುವುದು ವರ್ಷಕ್ಕೆ ಒಂದೆರಡು ಸಲ.

ಭಾರ ಎಲ್ಲಿದೆ ಅಂತ ನೋಡಿ. ಹತ್ತು ಸಾಲಿನ ಸೆಟ್ಟಿಂಗ್ಸ್ ಟೇಬಲ್ ಓದಲು ಡೇಟಾಬೇಸ್‌ಗೆ ಏನೂ ಕಷ್ಟವಿಲ್ಲ. ಆ ಟೇಬಲ್ ಅದರ ಮೆಮೊರಿಯಲ್ಲೇ ಇರುತ್ತದೆ. ಖರ್ಚು ಆಗುವುದು ಹೋಗಿ ಬರುವುದಕ್ಕೆ. ಆ್ಯಪ್ ಕಲಬುರಗಿಯ ಅಂಗಡಿಯ ಕಂಪ್ಯೂಟರಿನಲ್ಲೇ ಇದೆ, ಡೇಟಾಬೇಸ್ ಮುಂಬೈನ ಕ್ಲೌಡ್‌ನಲ್ಲಿದೆ ಅಂದುಕೊಳ್ಳಿ. ನೇರ ಗೆರೆ ಎಳೆದರೂ 450 ಕಿಲೋಮೀಟರ್ ಮೇಲೆ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ, ಅಂದರೆ ಹೋಗಿ ಬರಲು ಕನಿಷ್ಠ ನಾಲ್ಕೂವರೆ ಮಿಲಿಸೆಕೆಂಡ್ ಬೇಕೇ ಬೇಕು. ಇದು ಭೌತಶಾಸ್ತ್ರದ ಲೆಕ್ಕ, ಯಾವ ಸರ್ವರ್ ಕೊಂಡರೂ ಕಡಿಮೆಯಾಗುವುದಿಲ್ಲ. ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲ, ನಡುವೆ ರೌಟರ್‌ಗಳಿವೆ, ಹಾಗಾಗಿ ನಿಜದಲ್ಲಿ ಇನ್ನೂ ಜಾಸ್ತಿ. ನಾಲ್ಕು ಚೆಕ್‌ನಲ್ಲಿ ಡೇಟಾಬೇಸ್‌ವರೆಗೆ ಹೋಗುವುದು ಮೂರು, ಅಂದರೆ ಕೆಲಸ ಶುರುವಾಗುವ ಮೊದಲೇ ಹದಿಮೂರೂವರೆ ಮಿಲಿಸೆಕೆಂಡ್ ಹೋಯಿತು. ಪ್ರತಿ ಸಲ ಹೊಸ ಕನೆಕ್ಷನ್ ತೆರೆಯುತ್ತಿದ್ದರೆ ಕಥೆ ಇನ್ನೂ ಕೆಟ್ಟದು. ಸಂಪರ್ಕ ಶುರು ಮಾಡುವ ಟಿಸಿಪಿ ಕೈಕುಲುಕು, ಗುಟ್ಟು ಕಾಯುವ ಟಿಎಲ್ಎಸ್ ಕೈಕುಲುಕು, ಪಾಸ್‌ವರ್ಡ್ ಪರೀಕ್ಷೆ ಅಂತ ಮೊದಲ ಕ್ವೆರಿಗೂ ಮುಂಚೆಯೇ ಕನಿಷ್ಠ ಮೂರು ನಾಲ್ಕು ಸಲ ಹೋಗಿ ಬರಬೇಕು. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಆದರೆ ಪ್ರತಿ ಕನೆಕ್ಷನ್‌ಗೂ ಒಂದು ಹೊಸ ಪ್ರೊಸೆಸ್ (ಓಡುವ ಪ್ರೋಗ್ರಾಂನ ಒಂದು ಪ್ರತಿ) ಹುಟ್ಟಿಸುತ್ತದೆ. ಅಲ್ಲಿ ಕನೆಕ್ಷನ್‌ಗಳ ಡೀಫಾಲ್ಟ್ (ನಾವು ಬದಲಿಸದಿದ್ದರೆ ಇರುವ) ಮಿತಿ 100, ಮೈಎಸ್‌ಕ್ಯುಎಲ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ 151.

ಆ್ಯಪ್ ಮತ್ತು ಡೇಟಾಬೇಸ್ ಒಂದೇ ಡೇಟಾ ಸೆಂಟರ್‌ನಲ್ಲಿದ್ದರೆ ಒಂದು ಸಲದ ಖರ್ಚು ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಎರಡನ್ನೂ ಹತ್ತಿರ ತರುವುದು. ಮುಂದೆ ಹೇಳುವ ಯಾವ ಉಪಾಯವೂ ಇದರಷ್ಟು ಕೊಡುವುದಿಲ್ಲ.

ವಿಳಾಸ, ಪಾಸ್‌ವರ್ಡ್

ಇದು ಸುಲಭದ್ದು, ಬೇಗ ಮುಗಿಸೋಣ. ಜಾವಾ, ಪೈಥಾನ್, ನೋಡ್ ಇವುಗಳಲ್ಲಿ ಪ್ರೊಸೆಸ್ ಒಂದು ಸಲ ಎದ್ದರೆ ಗಂಟೆಗಟ್ಟಲೆ ಬದುಕಿರುತ್ತದೆ. ಏಳುವಾಗಲೇ ಕಾನ್ಫಿಗ್ ಓದಿ, ಪಾಸ್‌ವರ್ಡ್ ಖಾಲಿ ಇದೆಯಾ, ಪೋರ್ಟ್ ನಂಬರ್ ನಿಜಕ್ಕೂ ನಂಬರಾ ಅಂತ ನೋಡಿ, ತಪ್ಪಿದ್ದರೆ ಅಲ್ಲೇ ನಿಂತುಬಿಡಬೇಕು. ಅರ್ಧ ಕಾನ್ಫಿಗ್ ಇಟ್ಟುಕೊಂಡು ಎದ್ದು, ಗ್ರಾಹಕ ಬಂದಾಗ ಬೀಳುವುದಕ್ಕಿಂತ ಏಳದೇ ಇರುವುದೇ ಒಳ್ಳೆಯದು.

ಪಿಎಚ್‌ಪಿ ಮಾತ್ರ ಬೇರೆ ಜಾತಿ. ಪ್ರತಿ ರಿಕ್ವೆಸ್ಟ್ ಮುಗಿದ ಕೂಡಲೇ ಎಲ್ಲವನ್ನೂ ಮರೆತುಬಿಡುತ್ತದೆ, ಮುಂದಿನದಕ್ಕೆ ಮತ್ತೆ ಮೊದಲಿನಿಂದ. ಹಾಗಾದರೆ ಪ್ರತಿ ಸಲ ಕಾನ್ಫಿಗ್ ಫೈಲ್ ಓದುವುದು ಭಾರ ಅಲ್ವಾ? ಅಷ್ಟೇನಲ್ಲ. 2013ರ ಪಿಎಚ್‌ಪಿ 5.5ರಿಂದ ಆಪ್‌ಕ್ಯಾಶ್ ಅನ್ನುವ ಸೌಲಭ್ಯ ಜೊತೆಯಲ್ಲೇ ಬರುತ್ತದೆ. ಅದು ಫೈಲನ್ನು ಒಂದು ಸಲ ಕಂಪೈಲ್ ಮಾಡಿ (ಓಡಿಸಲು ತಯಾರು ಮಾಡಿ), ರಿಕ್ವೆಸ್ಟ್‌ಗಳನ್ನು ನೋಡಿಕೊಳ್ಳುವ ಎಲ್ಲ ವರ್ಕರ್‌ ಪ್ರೊಸೆಸ್‌ಗಳೂ ಹಂಚಿಕೊಳ್ಳುವ ಮೆಮೊರಿಯಲ್ಲಿ ಇಡುತ್ತದೆ. ಫೈಲ್ ಬದಲಾಗಿದೆಯಾ ಅಂತ ನೋಡುವುದೂ ಡೀಫಾಲ್ಟ್ ಆಗಿ 2 ಸೆಕೆಂಡಿಗೊಮ್ಮೆ ಮಾತ್ರ. ಆದ್ದರಿಂದ ಕಾನ್ಫಿಗ್ ಒಂದು ಪಿಎಚ್‌ಪಿ ಫೈಲ್ ಆಗಿದ್ದರೆ ಅದು ಹೆಚ್ಚುಕಮ್ಮಿ ಪುಕ್ಕಟೆ. ಯಾಮೆಲ್ ಅಥವಾ ಎನ್ವ್ ಥರದ ಬರೀ ಅಕ್ಷರದ ಫೈಲ್ ಆಗಿದ್ದರೆ ಪ್ರತಿ ಸಲ ಅಕ್ಷರ ಅಕ್ಷರ ಓದಿ ಬಿಡಿಸಬೇಕು. ಲಾರಾವೆಲ್ ಅನ್ನುವ ಪಿಎಚ್‌ಪಿ ಫ್ರೇಮ್‌ವರ್ಕ್‌ನಲ್ಲಿ ಎಲ್ಲ ಕಾನ್ಫಿಗ್ ಸೇರಿಸಿ ಒಂದೇ ಪಿಎಚ್‌ಪಿ ಫೈಲ್ ಮಾಡುವ ಕಮಾಂಡ್ ಇರುವುದು ಇದಕ್ಕೇ. ಆ ಕಮಾಂಡ್ ಓಡಿಸಿದ ಮೇಲೆ ಎನ್ವ್ ಫೈಲನ್ನು ಲಾರಾವೆಲ್ ಓದುವುದೇ ಇಲ್ಲ. ಕೋಡ್‌ನ ಮಧ್ಯೆ ಎಲ್ಲೋ ನೇರವಾಗಿ ಎನ್ವ್‌ನಿಂದ ಬೆಲೆ ಕೇಳಿದ್ದರೆ ಅಲ್ಲಿ ಖಾಲಿ ಸಿಗುತ್ತದೆ. ಎಷ್ಟೋ ಜನ ಇಲ್ಲಿ ತಲೆ ಕೆಡಿಸಿಕೊಂಡಿರುತ್ತಾರೆ.

ಟೇಬಲ್ ರಚನೆ ಚೆಕ್ ಮಾಡುವುದಂತೂ ಲೈವ್ ಸೈಟ್‌ನ ರಿಕ್ವೆಸ್ಟ್ ದಾರಿಯಲ್ಲಿ ಇರಲೇಬಾರದು. ಅದು ಹೊಸ ಕೋಡ್ ಹಾಕುವಾಗಿನ ಕೆಲಸ. ರೈಲ್ಸ್ ಅನ್ನುವ ಫ್ರೇಮ್‌ವರ್ಕ್‌ನಲ್ಲಿ ಬಾಕಿ ಉಳಿದ ಮೈಗ್ರೇಷನ್ (ಟೇಬಲ್ ರಚನೆಯ ಬದಲಾವಣೆ) ಇದೆಯಾ ಅಂತ ಪೇಜ್ ತೆರೆದಾಗ ನೋಡುವ ಸೌಲಭ್ಯ ಇದೆ, ಆದರೆ ಅದು ಡೆವಲಪ್‌ಮೆಂಟ್‌ಗೆ. ಸೈಟ್ ಕಟ್ಟಲು ಬಳಸುವ ವರ್ಡ್‌ಪ್ರೆಸ್ ಡೇಟಾಬೇಸ್ ಆವೃತ್ತಿಯ ನಂಬರ್ ಹೋಲಿಸಿ ಅಪ್‌ಡೇಟ್ ಪೇಜಿಗೆ ಕಳಿಸುವುದು ಅಡ್ಮಿನ್ ಕಡೆ ಬಂದವರನ್ನು. ಅದಕ್ಕೂ ಬೇರೆ ಕ್ವೆರಿ ಖರ್ಚಾಗುವುದಿಲ್ಲ, ಯಾಕೆಂದರೆ ಆ ನಂಬರ್ ಮಿಕ್ಕ ಆಪ್ಷನ್‌ಗಳ (ಅಲ್ಲಿ ಸೆಟ್ಟಿಂಗ್ಸ್‌ಗೆ ಇರುವ ಹೆಸರು) ಜೊತೆ ಆಗಲೇ ಬಂದಿರುತ್ತದೆ.

ಕನೆಕ್ಷನ್ ಬದುಕಿದೆಯಾ

ಇಲ್ಲಿ ಎಲ್ಲರೂ ಮಾಡುವ ಕೆಲಸ ಅಂದರೆ ನಿಜವಾದ ಕ್ವೆರಿಗೆ ಮುಂಚೆ "ಸೆಲೆಕ್ಟ್ 1" ಅನ್ನುವ, ಉತ್ತರ ಬರುತ್ತದಾ ಅಂತ ನೋಡಲಷ್ಟೇ ಇರುವ ಕ್ವೆರಿ ಕಳಿಸುವುದು. ಫೋನಿನಲ್ಲಿ ಪ್ರತಿ ಮಾತಿಗೂ ಮುಂಚೆ "ಹಲೋ, ಕೇಳಸ್ಲಕತ್ತದೇನ್ರೀ?" ಅಂತ ಕೇಳಿ, ಆ ಕಡೆಯಿಂದ "ಹೂಂ" ಬಂದ ಮೇಲೆ ಮಾತಾಡಿದ ಹಾಗೆ. ಸಮಯ ಎರಡು ಪಟ್ಟು. ಹೂಂ ಅಂದ ಮರುಕ್ಷಣ ಲೈನ್ ಕಟ್ ಆಗುವುದಿಲ್ಲ ಅಂತ ಗ್ಯಾರಂಟಿಯೂ ಇಲ್ಲ. ಸೆಲೆಕ್ಟ್ 1ಕ್ಕೆ ಉತ್ತರ ಬಂತು, ಮುಂದಿನ ಕ್ವೆರಿ ಹೋಗುವಷ್ಟರಲ್ಲಿ ಡೇಟಾಬೇಸ್ ರೀಸ್ಟಾರ್ಟ್ ಆಯಿತು. ಅದನ್ನು ನೋಡಿಕೊಳ್ಳುವ ಕೋಡ್ ಹೇಗಿದ್ದರೂ ಬೇಕೇ ಬೇಕು. ಅದು ಇದ್ದ ಮೇಲೆ ಮೊದಲು ಕೇಳುವ ಹಲೋ ಯಾಕೆ? ನಿಜವಾದ ಕ್ವೆರಿಯೇ ಪರೀಕ್ಷೆ. ಅದು ಬಿದ್ದರೆ ಆಗ ಮತ್ತೆ ಕಳಿಸಿದರಾಯಿತು.

ಹಾಗಾದರೆ ಜನ ಈ ಚೆಕ್ ಯಾಕೆ ಹಾಕುತ್ತಾರೆ? ಒಂದು ನಿಜವಾದ ಕಾರಣ ಇದೆ. ಮೈಎಸ್‌ಕ್ಯುಎಲ್‌ನಲ್ಲಿ ಸುಮ್ನೆ ಕೂತ ಕನೆಕ್ಷನ್ ಅನ್ನು ಸರ್ವರ್ 28,800 ಸೆಕೆಂಡ್, ಅಂದರೆ 8 ಗಂಟೆ ಆದ ಮೇಲೆ ಕಡಿದುಹಾಕುತ್ತದೆ. ಅದು ಡೀಫಾಲ್ಟ್. ಗಂಜ್‌ನ ಅಂಗಡಿ ರಾತ್ರಿ 9ಕ್ಕೆ ಬಾಗಿಲು ಹಾಕಿ ಬೆಳಿಗ್ಗೆ 8ಕ್ಕೆ ತೆರೆದರೆ 11 ಗಂಟೆ ಆಯಿತು. ಬೆಳಿಗ್ಗೆ ಮೊದಲ ಚೀಲ ತೂಗಿ ಎಂಟ್ರಿ ಹಾಕಿದ ಗುಮಾಸ್ತನಿಗೆ "ಮೈಎಸ್‌ಕ್ಯುಎಲ್ ಸರ್ವರ್ ಹ್ಯಾಸ್ ಗಾನ್ ಅವೇ" ಅಂತ ಬರುತ್ತದೆ. ಎರಡನೇ ಸಲ ಒತ್ತಿದರೆ ಸರಿ. ದಿನಾ ಬೆಳಿಗ್ಗೆ ಮಾತ್ರ ಬರುವ ಈ ತೊಂದರೆಗೆ ದಿನವಿಡೀ ಎರಡು ಲಕ್ಷ ಸಲ ಸೆಲೆಕ್ಟ್ 1 ಕಳಿಸುವುದು ಮದ್ದಲ್ಲ. 8 ಗಂಟೆಗಿಂತ ಮುಂಚೆ ನಾವೇ ಹಳೆಯ ಕನೆಕ್ಷನ್ ಬಿಟ್ಟು ಹೊಸದು ತೆಗೆದುಕೊಂಡರೆ ಸಾಕು.

ಒಳ್ಳೆಯ ಲೈಬ್ರರಿಗಳು ಮಾಡುವುದೇ ಇದನ್ನು. ಕನೆಕ್ಷನ್‌ಗಳನ್ನು ತೆರೆದಿಟ್ಟು ಹಂಚುವ, ಜಾವಾದ ಹಿಕಾರಿ ಪೂಲ್ ಒಂದು ಕನೆಕ್ಷನ್ ಅನ್ನು ಡೀಫಾಲ್ಟ್ ಆಗಿ 30 ನಿಮಿಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಬದುಕಿದೆಯಾ ಅಂತ ನೋಡುತ್ತದೆ ನಿಜ, ಆದರೆ ಕಳೆದ 500 ಮಿಲಿಸೆಕೆಂಡ್ ಒಳಗೆ ಬಳಸಿದ್ದರೆ ನೋಡುವುದೇ ಇಲ್ಲ. ಅರ್ಧ ಸೆಕೆಂಡ್ ಹಿಂದೆ ಕೆಲಸ ಮಾಡಿದ್ದು ಈಗಲೂ ಮಾಡುತ್ತದೆ ಅಂತ ನಂಬುತ್ತದೆ. ಅಂದರೆ ಜನಸಂದಣಿ ಜಾಸ್ತಿಯಾದಷ್ಟೂ ಚೆಕ್ ಕಡಿಮೆ, ಎಲ್ಲ ಖಾಲಿ ಇದ್ದಾಗ ಮಾತ್ರ ಚೆಕ್. ನನಗೆ ಇದು ತುಂಬಾ ಇಷ್ಟವಾದ ವಿನ್ಯಾಸ. ಪೋಸ್ಟ್‌ಗ್ರೆಸ್‌ಗೆ ಹೀಗೆ ಕನೆಕ್ಷನ್ ಹಂಚುವ ಪಿಜಿಬೌನ್ಸರ್ ಕೂಡ ಇದೇ ದಾರಿ, ಅಲ್ಲಿ ಅವಧಿ 30 ಸೆಕೆಂಡ್. ಪೈಥಾನ್‌ನ ಜ್ಯಾಂಗೋ ಫ್ರೇಮ್‌ವರ್ಕ್ ಡೀಫಾಲ್ಟ್ ಆಗಿ ಪ್ರತಿ ರಿಕ್ವೆಸ್ಟ್ ಕೊನೆಗೆ ಕನೆಕ್ಷನ್ ಮುಚ್ಚಿಬಿಡುತ್ತದೆ. ಉಳಿಸಿಕೊಳ್ಳಿ ಅಂತ ಹೇಳಿದರೆ ಉಳಿಸಿಕೊಳ್ಳುತ್ತದೆ, ಮತ್ತು 2022ರಲ್ಲಿ ಬಂದ 4.1ರಿಂದ ಬೇಕಾದರೆ ಆರೋಗ್ಯ ಪರೀಕ್ಷೆಯನ್ನೂ ಮಾಡುತ್ತದೆ. ಅದೂ ರಿಕ್ವೆಸ್ಟ್‌ಗೆ ಒಂದೇ ಸಲ, ಅದೂ ಆ ರಿಕ್ವೆಸ್ಟ್ ಡೇಟಾಬೇಸ್ ಮುಟ್ಟಿದರೆ ಮಾತ್ರ.

ಕ್ವೆರಿ ಬಿದ್ದರೆ ಮತ್ತೆ ಕಳಿಸಿದರಾಯಿತು ಅಂದೆ, ಅಲ್ವಾ? ಓದುವ ಕ್ವೆರಿಗೆ ಅಷ್ಟೇ ಸಾಕು. ಬರೆಯುವ ಕ್ವೆರಿಗೆ ಅಷ್ಟೇ ಅಂದರೆ ಅಪಾಯ. ನೀವು ಕಮಿಟ್, ಅಂದರೆ "ಬರೆದದ್ದನ್ನು ಖಾಯಂ ಮಾಡು" ಅನ್ನುವ ಆದೇಶ ಕಳಿಸಿದಿರಿ, ಉತ್ತರ ಬರುವ ಮೊದಲು ಲೈನ್ ಹೋಯಿತು. ಆ ಕಡೆ ಕಮಿಟ್ ಆಗಿದೆಯೋ ಇಲ್ಲವೋ ನಿಮಗೆ ಗೊತ್ತಿಲ್ಲ. ಕಣ್ಣುಮುಚ್ಚಿ ಮತ್ತೆ ಕಳಿಸಿದರೆ ಒಬ್ಬ ರೈತನ 12 ಕ್ವಿಂಟಲ್ ತೊಗರಿ ಲೆಕ್ಕದಲ್ಲಿ 24 ಆಗುತ್ತದೆ. ಸೆಲೆಕ್ಟ್ 1 ಎಷ್ಟು ಸಲ ಕಳಿಸಿದರೂ ಇದು ತಪ್ಪುವುದಿಲ್ಲ ಅನ್ನುವುದನ್ನು ಗಮನಿಸಿ. ಇದಕ್ಕೆ ಪರಿಹಾರ ಬೇರೆ. ಫಾರ್ಮ್ ತೆರೆದಾಗಲೇ ಆ ಎಂಟ್ರಿಗೆ ಒಂದು ವಿಶಿಷ್ಟ ನಂಬರ್ ಕೊಟ್ಟು, ಡೇಟಾಬೇಸ್‌ನಲ್ಲಿ ಆ ಕಾಲಂಗೆ ಯುನೀಕ್ ಅಂತ ಕಟ್ಟು ಹಾಕಬೇಕು. ಎರಡನೇ ಸಲ ಅದೇ ನಂಬರ್ ಬಂದರೆ ಡೇಟಾಬೇಸೇ ತಡೆಯುತ್ತದೆ. ಆಗ ಎಷ್ಟು ಸಲ ಬೇಕಾದರೂ ಧೈರ್ಯವಾಗಿ ಮತ್ತೆ ಕಳಿಸಬಹುದು.

ಸೆಟ್ಟಿಂಗ್ಸ್ ಬದಲಾಗಿದೆಯಾ

ನಿಜವಾದ ಗಂಟು ಇರುವುದು ಇಲ್ಲಿ.

ಮೊದಲ ಮೆಟ್ಟಿಲು, ಒಂದೊಂದು ಸೆಟ್ಟಿಂಗ್‌ಗೆ ಒಂದೊಂದು ಕ್ವೆರಿ ಕಳಿಸದೇ ಎಲ್ಲವನ್ನೂ ಒಟ್ಟಿಗೆ ತರುವುದು. ವರ್ಡ್‌ಪ್ರೆಸ್ ಇದನ್ನೇ ಮಾಡುತ್ತದೆ. ಆಪ್ಷನ್ಸ್ ಟೇಬಲ್‌ನಲ್ಲಿ ಆಟೋಲೋಡ್ ಅಂತ ಗುರುತು ಹಾಕಿದ ಎಲ್ಲವನ್ನೂ ಒಂದೇ ಕ್ವೆರಿಯಲ್ಲಿ ತರುತ್ತದೆ. ಒಂದು ಆಪ್ಷನ್ ಇಲ್ಲವೇ ಇಲ್ಲ ಅಂತ ಗೊತ್ತಾದರೆ "ಇಲ್ಲ" ಅನ್ನುವುದನ್ನೂ ನೆನಪಿಟ್ಟುಕೊಳ್ಳುತ್ತದೆ. ಇದು ಬಹಳ ಜನ ಮರೆಯುವ ಸಂಗತಿ. ಇರುವುದನ್ನು ಮಾತ್ರ ಕ್ಯಾಶ್ ಮಾಡಿ (ಹತ್ತಿರದಲ್ಲೇ ನೆನಪಿಟ್ಟುಕೊಂಡು) ಇಲ್ಲದಿರುವುದನ್ನು ಮಾಡದಿದ್ದರೆ, ಇಲ್ಲದ ಒಂದು ಸೆಟ್ಟಿಂಗ್‌ಗಾಗಿ ಪ್ರತಿ ಸಲ ಡೇಟಾಬೇಸ್‌ವರೆಗೆ ಹೋಗಿ ಬರಿಗೈಲಿ ಬರುತ್ತಿರುತ್ತೀರಿ. ಆದರೆ ಒಟ್ಟಿಗೆ ತರುವುದಕ್ಕೂ ಮಿತಿ ಇದೆ. ಎಷ್ಟೋ ಪ್ಲಗಿನ್‌ಗಳು ತಮ್ಮ ಇಡೀ ಸಂಸಾರವನ್ನು ಆ ಟೇಬಲ್‌ಗೆ ತಂದು ಸುರಿಯುತ್ತವೆ, ಪ್ಲಗಿನ್ ತೆಗೆದರೂ ಕಸ ಅಲ್ಲೇ ಉಳಿಯುತ್ತದೆ. 2024ರ ವರ್ಡ್‌ಪ್ರೆಸ್ 6.6ರಲ್ಲಿ ಇದಕ್ಕೆ ಸ್ವಲ್ಪ ಕಡಿವಾಣ ಬಂತು. 1,50,000 ಬೈಟ್‌ಗಿಂತ ದೊಡ್ಡ ಆಪ್ಷನ್, ಬೇಕೇ ಬೇಕು ಅಂತ ಹೇಳದಿದ್ದರೆ, ತಾನಾಗಿ ಆಟೋಲೋಡ್ ಆಗುವುದಿಲ್ಲ. ಆಟೋಲೋಡ್ ಆಗುವುದೆಲ್ಲ ಒಟ್ಟು 8,00,000 ಬೈಟ್ ದಾಟಿದರೆ ಸೈಟ್ ಹೆಲ್ತ್ ಅನ್ನುವ ಅಡ್ಮಿನ್ ಪೇಜ್‌ನಲ್ಲಿ ಎಚ್ಚರಿಕೆ ಬರುತ್ತದೆ.

ಎರಡನೇ ಮೆಟ್ಟಿಲು, ತಂದದ್ದನ್ನು ಕೆಲವು ಸೆಕೆಂಡ್ ಮೆಮೊರಿಯಲ್ಲಿ ಇಟ್ಟುಕೊಳ್ಳುವುದು. ನೋಡ್, ಪೈಥಾನ್, ಜಾವಾದಲ್ಲಿ ಒಂದು ಸಾಮಾನ್ಯ ಗ್ಲೋಬಲ್ ವೇರಿಯಬಲ್ ಸಾಕು. ಪಿಎಚ್‌ಪಿಗೆ ಎಪಿಸಿಯು ಅನ್ನುವ ಮೆಮೊರಿ ಕ್ಯಾಶ್ ಇದೆ, ಒಂದೇ ಮಷೀನಿನ ಎಲ್ಲ ಎಫ್‌ಪಿಎಂ (ಪಿಎಚ್‌ಪಿ ಓಡಿಸುವ) ವರ್ಕರ್‌ಗಳೂ ಅದನ್ನು ಹಂಚಿಕೊಳ್ಳುತ್ತವೆ. ನಮ್ಮ ಅಡತಿ ಅಂಗಡಿಯ ಲೆಕ್ಕ ನೋಡಿ. 30 ಸೆಕೆಂಡ್ ಇಟ್ಟುಕೊಂಡರೆ, 8 ಪ್ರೊಸೆಸ್ ಪ್ರತ್ಯೇಕವಾಗಿ ಇಟ್ಟುಕೊಂಡರೂ, 8 ಗಂಟೆಗೆ ಹೆಚ್ಚೆಂದರೆ 7,680 ಓದು. ಹಂಚಿಕೊಂಡರೆ 960. ಮೊದಲು 2,30,400 ಇತ್ತು. ಇನ್ನೂ ಮುಖ್ಯವಾದದ್ದು, ಸ್ಕ್ರೀನ್‌ಗಳು 40 ಇದ್ದದ್ದು 400 ಆದರೂ ಈ ಸಂಖ್ಯೆ ಏರುವುದಿಲ್ಲ. ಓದು ಈಗ ಜನರ ಲೆಕ್ಕಕ್ಕಲ್ಲ, ಗಡಿಯಾರದ ಲೆಕ್ಕಕ್ಕೆ ಬಿದ್ದಿದೆ.

ಆದರೆ 30 ಸೆಕೆಂಡ್ ಹಳೆಯದು ತೋರಿಸಿದರೆ ಪರವಾಗಿಲ್ಲವಾ? ಇದಕ್ಕೆ ಎಲ್ಲ ಸೆಟ್ಟಿಂಗ್‌ಗೂ ಒಂದೇ ಉತ್ತರ ಇಲ್ಲ. ಅಂಗಡಿಯ ಹೆಸರು, ಲೋಗೋ, ಪ್ರಿಂಟ್‌ನ ಅಕ್ಷರದ ಗಾತ್ರ ಒಂದು ಗಂಟೆ ಹಳೆಯದಿದ್ದರೂ ಯಾರ ಗಂಟೂ ಹೋಗುವುದಿಲ್ಲ. "ಇವತ್ತಿನ ಲೆಕ್ಕ ಮುಚ್ಚಿದೆ" ಅನ್ನುವುದು ಹಾಗಲ್ಲ. ಮಾಲೀಕರು ಸಂಜೆ ಲೆಕ್ಕ ಮುಚ್ಚಿ ಮೊತ್ತ ಬರೆದುಕೊಂಡ ಮೇಲೆ, ಇನ್ನೊಂದು ಸ್ಕ್ರೀನಿನಿಂದ 20 ಸೆಕೆಂಡ್ ಬಿಟ್ಟು ಒಂದು ಎಂಟ್ರಿ ಒಳಗೆ ಹೋದರೆ ರಾತ್ರಿಯೆಲ್ಲ ಲೆಕ್ಕ ಹೊಂದುವುದಿಲ್ಲ. ಇಂಥದ್ದನ್ನು ಕ್ಯಾಶ್‌ನಿಂದ ಓದಲೇಬಾರದು. ಎಂಟ್ರಿ ಸೇರಿಸುವ ಅದೇ ಟ್ರಾನ್ಸಾಕ್ಷನ್ (ಆದರೆ ಪೂರ್ತಿ ಆಗುವ, ಇಲ್ಲದಿದ್ದರೆ ಏನೂ ಆಗದ ಕೆಲಸಗಳ ಗುಂಪು) ಒಳಗೆ, ಆ ಸಾಲನ್ನು ಲಾಕ್ ಮಾಡಿ ಓದಬೇಕು. ಎಂಟ್ರಿಗಳು ದಿನಕ್ಕೆ ಕೆಲವು ನೂರು ಇರಬಹುದು, ರಿಫ್ರೆಶ್‌ಗಳು ಲಕ್ಷ. ತೋರಿಸಲು ಕ್ಯಾಶ್, ದುಡ್ಡು ಬರೆಯಲು ಟ್ರಾನ್ಸಾಕ್ಷನ್. ಹಾಗೆಯೇ ಹಮಾಲಿ ದರವನ್ನು ಪಟ್ಟಿಯ ಸಾಲಿನಲ್ಲೇ ಬರೆದಿಡಬೇಕು. ಇಲ್ಲದಿದ್ದರೆ ದರ ಬದಲಾದ ದಿನ ಹಳೆಯ ಪಟ್ಟಿ ಮತ್ತೆ ಪ್ರಿಂಟ್ ಮಾಡಿದರೆ ಮೊತ್ತವೇ ಬೇರೆ ಬರುತ್ತದೆ.

ಇನ್ನೊಂದು ಜಾತಿಯ ಸೆಟ್ಟಿಂಗ್ ಇದೆ, ಯಾವಾಗ ಬದಲಾಗುತ್ತದೆ ಅಂತ ಮುಂಚೆಯೇ ಗೊತ್ತಿರುವುದು. ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಬೀದರ್‌ನಲ್ಲೋ ಯಾದಗಿರಿಯಲ್ಲೋ ಕಚೇರಿಗೆ ಬರುವವರಿಗೆ ಟೋಕನ್ ಕೊಡುವ ಒಂದು ಆ್ಯಪ್ ಬರೆದಿದ್ದೀರಿ ಅಂದುಕೊಳ್ಳಿ. ಏಪ್ರಿಲ್ 1ರ ಬೆಳಿಗ್ಗೆ ಯಾರೋ ಎದ್ದು ವೇಳೆ ಬದಲಿಸಿ, ಅದು ಎಲ್ಲ ಸರ್ವರ್‌ಗೂ ತಕ್ಷಣ ತಲುಪಬೇಕು ಅಂತ ಒದ್ದಾಡುವ ಅಗತ್ಯವೇ ಇಲ್ಲ. ಸೆಟ್ಟಿಂಗ್ ಜೊತೆ "ಯಾವ ದಿನದಿಂದ" ಅನ್ನುವ ಒಂದು ಕಾಲಂ ಸೇರಿಸಿ, ಆದೇಶ ಬಂದ ದಿನವೇ ಮಾರ್ಚ್‌ನಲ್ಲಿ ಬರೆದಿಡಿ. ಎರಡೂ ವೇಳೆಗಳು ಮೆಮೊರಿಯಲ್ಲಿರುತ್ತವೆ, ಇವತ್ತಿನ ತಾರೀಖು ನೋಡಿ ಆ್ಯಪ್ ತಾನೇ ಆರಿಸಿಕೊಳ್ಳುತ್ತದೆ. ತಾರೀಖು ಗೊತ್ತಿರುವ ಬದಲಾವಣೆಗೆ ಡೇಟಾಬೇಸನ್ನು ಪದೇ ಪದೇ ಕೇಳುವುದು ಸುಮ್ನೆ ದಂಡ. ದರಗಳಿಗೂ ಇದೇ ಮಾಡಿದರೆ ಹಳೆಯ ಪಟ್ಟಿಯ ತೊಂದರೆಗೂ ಅರ್ಧ ಪರಿಹಾರ ಸಿಕ್ಕಂತೆ.

ಉಳಿದವು ಮಧ್ಯದವು. ಕೂಡಲೇ ಗೊತ್ತಾದರೆ ಚೆನ್ನ, ಆದರೆ ಪ್ರತಿ ಸಲ ಎಲ್ಲವನ್ನೂ ಓದಲು ಮನಸ್ಸಿಲ್ಲ. ಇವುಗಳಿಗೆ ಆವೃತ್ತಿ ನಂಬರ್ ಉಪಾಯ. ಒಂದೇ ಸಾಲಿನ ಒಂದು ಟೇಬಲ್, ಅದರಲ್ಲಿ ಒಂದು ನಂಬರ್. ಯಾವ ಸೆಟ್ಟಿಂಗ್ ಬದಲಿಸಿದರೂ ಆ ನಂಬರಿಗೆ ಒಂದು ಕೂಡಿಸಿ. ಆ್ಯಪ್ ತನ್ನ ಬಳಿ ಇರುವ ನಂಬರ್ ಜೊತೆ ಹೋಲಿಸಿ, ಬೇರೆ ಇದ್ದರೆ ಮಾತ್ರ ಪೂರ್ತಿ ಓದುತ್ತದೆ. "ಆದರೆ ನಂಬರ್ ಕೇಳಲೂ ಹೋಗಿ ಬರಬೇಕಲ್ಲ?" ಅಂತ ನೀವು ಕೇಳಬಹುದು, ಸರಿಯಾದ ಪ್ರಶ್ನೆ. ಲಾಗಿನ್ ಇರುವ ಎಷ್ಟೋ ಆ್ಯಪ್‌ಗಳು ಪ್ರತಿ ರಿಕ್ವೆಸ್ಟ್‌ಗೂ, ಬಳಕೆದಾರ ಲಾಗಿನ್ ಆಗಿದ್ದಾನೆ ಅಂತ ಹೇಳುವ ಸೆಷನ್ ಸಾಲನ್ನು ಡೇಟಾಬೇಸ್‌ನಿಂದ ಹೇಗಿದ್ದರೂ ಓದುತ್ತವೆ. ಅದೇ ಕ್ವೆರಿಯಲ್ಲಿ ಇನ್ನೊಂದು ಕಾಲಂ ಆಗಿ ಈ ನಂಬರನ್ನೂ ಕರೆದುಕೊಂಡು ಬನ್ನಿ. ಹೊಸ ಪ್ರಯಾಣ ಸೊನ್ನೆ, ಆದರೂ ಪ್ರತಿ ರಿಕ್ವೆಸ್ಟ್‌ಗೂ ಚೆಕ್ ಆಯಿತು. ಮೊದಲು ಪುಕ್ಕಟೆ ದಾರಿ ಅಂದಿದ್ದು ಇದನ್ನೇ.

ಇದರಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಒಂದು, ನಂಬರ್ ಬದಲು "ಕೊನೆಗೆ ಬದಲಾದ ಸಮಯ" ಬಳಸುವುದು. ಸಮಯವನ್ನು ಸೆಕೆಂಡ್ ಲೆಕ್ಕದಲ್ಲಿ ಇಟ್ಟಿದ್ದರೆ ಒಂದೇ ಸೆಕೆಂಡಿನಲ್ಲಿ ಎರಡು ಬದಲಾವಣೆ ಆದಾಗ ಎರಡನೆಯದು ಕಾಣುವುದೇ ಇಲ್ಲ. ಎಲ್ಲ ಸಾಲುಗಳಲ್ಲಿ ಅತಿ ಹೊಸ ಸಮಯ ಯಾವುದು ಅಂತ ನೋಡುವವರಿಗೆ, ಒಂದು ಸಾಲು ಅಳಿಸಿಹೋದದ್ದು ಗೊತ್ತಾಗುವುದಿಲ್ಲ. ಸುಮ್ನೆ ಏರುವ ನಂಬರೇ ವಾಸಿ, ಅದನ್ನು ಟ್ರಿಗರ್ (ಟೇಬಲ್ ಬದಲಾದಾಗ ಡೇಟಾಬೇಸ್ ತಾನೇ ಓಡಿಸುವ ಕೋಡ್) ಮೂಲಕ ಏರಿಸಿದರೆ ಯಾರೋ ನೇರವಾಗಿ ಡೇಟಾಬೇಸ್ ತಿದ್ದುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ ಕೈ ಹಾಕಿದರೂ ಲೆಕ್ಕಕ್ಕೆ ಸಿಗುತ್ತದೆ.

ಎರಡನೆಯದು ಓದುವ ಕ್ರಮ. ಸೆಟ್ಟಿಂಗ್ಸ್ ಮೊದಲು ಓದಿ ಆಮೇಲೆ ನಂಬರ್ ಓದಿದರೆ ಏನಾಗುತ್ತದೆ ನೋಡಿ. ಹಳೆಯ ಸೆಟ್ಟಿಂಗ್ಸ್ ಓದಿದಿರಿ, ಅಷ್ಟರಲ್ಲಿ ಮಾಲೀಕರು ಸೇವ್ ಒತ್ತಿದರು, ನಂಬರ್ 7 ಇದ್ದದ್ದು 8 ಆಯಿತು, ನೀವು 8 ಓದಿದಿರಿ. ಈಗ ನಿಮ್ಮ ಮೆಮೊರಿಯಲ್ಲಿ ಹಳೆಯ ಸೆಟ್ಟಿಂಗ್ಸ್‌ಗೆ 8 ಅಂತ ಚೀಟಿ ಅಂಟಿದೆ. ಮುಂದೆ ಎಷ್ಟು ಸಲ ಕೇಳಿದರೂ 8ಕ್ಕೆ 8 ಸರಿಹೋಗುತ್ತದೆ, ಇನ್ನೊಮ್ಮೆ ಯಾರಾದರೂ ಬದಲಿಸುವವರೆಗೆ ಆ ಪ್ರೊಸೆಸ್ ಹಳೆಯದನ್ನೇ ಹಿಡಿದು ಕೂರುತ್ತದೆ. ತಿರುಗಾಮುರುಗಾ ಮಾಡಿ. ನಂಬರ್ ಮೊದಲು, ಸೆಟ್ಟಿಂಗ್ಸ್ ಆಮೇಲೆ. ಆಗ ಕೆಟ್ಟದ್ದು ಅಂದರೆ ಹೊಸ ಸೆಟ್ಟಿಂಗ್ಸ್‌ಗೆ ಹಳೆಯ ನಂಬರ್ 7 ಅಂಟುತ್ತದೆ, ಮುಂದಿನ ಚೆಕ್‌ನಲ್ಲಿ ಒಂದು ಸಲ ಸುಮ್ನೆ ಮತ್ತೆ ಓದುತ್ತೀರಿ, ಅಷ್ಟೇ. ಬರೆಯುವ ಕಡೆ ನಂಬರ್ ಮತ್ತು ಸೆಟ್ಟಿಂಗ್ ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇರಬೇಕು, ಇಲ್ಲದಿದ್ದರೆ ಈ ಕ್ರಮವೂ ಕಾಪಾಡುವುದಿಲ್ಲ. ಸಾವಿರ ಸಲಕ್ಕೆ ಒಮ್ಮೆ ಬರುವ ಈ ಥರದ ತೊಂದರೆ ಟೆಸ್ಟಿಂಗ್‌ನಲ್ಲಿ ಸಿಗುವುದು ಬಹಳ ಅಪರೂಪ.

ನಾವು ಕೇಳುವ ಬದಲು ಡೇಟಾಬೇಸೇ ಹೇಳಿದರೆ? ಪೋಸ್ಟ್‌ಗ್ರೆಸ್‌ನಲ್ಲಿ ಲಿಸನ್, ನೋಟಿಫೈ ಅಂತ ಜೋಡಿ ಇದೆ. ಟ್ರಾನ್ಸಾಕ್ಷನ್ ಕಮಿಟ್ ಆದ ಮೇಲೆ ಕಿವಿಗೊಟ್ಟು ಕೂತ ಎಲ್ಲ ಕನೆಕ್ಷನ್‌ಗೂ ಸುದ್ದಿ ಹೋಗುತ್ತದೆ. ಕೇಳಲು ಚೆಂದ. ಆದರೆ ಆ ಗಳಿಗೆಯಲ್ಲಿ ನಿಮ್ಮ ಕನೆಕ್ಷನ್ ಕಡಿದಿದ್ದರೆ ಸುದ್ದಿ ಹೋಯಿತು, ಮತ್ತೆ ಬರುವುದಿಲ್ಲ. ಸುದ್ದಿಯ ಗಾತ್ರ 8,000 ಬೈಟ್‌ಗಿಂತ ಕಡಿಮೆ ಇರಬೇಕು, ಹಾಗಾಗಿ ಹೊಸ ಬೆಲೆಯನ್ನೇ ಕಳಿಸದೇ "ಬದಲಾಗಿದೆ" ಅಂತಷ್ಟೇ ಕಳಿಸಿ, ಕೇಳಿದವರು ಬಂದು ಓದಿಕೊಳ್ಳಲಿ. ನಡುವೆ ಪಿಜಿಬೌನ್ಸರ್ ಟ್ರಾನ್ಸಾಕ್ಷನ್ ಮೋಡ್‌ನಲ್ಲಿದ್ದರೆ (ಪ್ರತಿ ಟ್ರಾನ್ಸಾಕ್ಷನ್‌ಗೂ ಬೇರೆ ಕನೆಕ್ಷನ್ ಸಿಗಬಹುದು) ಲಿಸನ್ ಕೆಲಸ ಮಾಡುವುದಿಲ್ಲ, ಅದಕ್ಕೆ ನೇರ ಕನೆಕ್ಷನ್ ಬೇಕು. ಮೆಮೊರಿಯಲ್ಲೇ ಡೇಟಾ ಇಡುವ ರೆಡಿಸ್‌ನಲ್ಲಿ ಸುದ್ದಿ ಹಂಚುವ ಪಬ್-ಸಬ್‌ಗೂ ಇದೇ ಗುಣ, ಆ ಹೊತ್ತಿಗೆ ಇಲ್ಲದವರಿಗೆ ಸುದ್ದಿ ಇಲ್ಲ. ಆದ್ದರಿಂದ ನೋಟಿಫೈ ಬಳಸಿದರೂ ಕೆಲವು ನಿಮಿಷಕ್ಕೊಮ್ಮೆ ತಾನೇ ಓದುವ ಅಭ್ಯಾಸ ಬಿಡಬೇಡಿ. ಒಂದೇ ಅಂಗಡಿಯ ಆ್ಯಪ್‌ಗೆ ಇಷ್ಟೆಲ್ಲ ಬೇಕಾ ಅಂದರೆ, ಬೇಡ. ಆವೃತ್ತಿ ನಂಬರೇ ಧಾರಾಳವಾಯಿತು.

ಕ್ಯಾಶ್ ಅವಧಿ ಮುಗಿಯುವ ಗಳಿಗೆಯನ್ನೂ ಒಮ್ಮೆ ಯೋಚಿಸಿ. ಎಲ್ಲ ಪ್ರೊಸೆಸ್‌ಗಳೂ ಒಟ್ಟಿಗೆ ಎದ್ದಿದ್ದರೆ ಎಲ್ಲರ 30 ಸೆಕೆಂಡೂ ಒಟ್ಟಿಗೇ ಮುಗಿಯುತ್ತದೆ, ಎಲ್ಲರೂ ಒಟ್ಟಿಗೇ ಡೇಟಾಬೇಸ್ ಬಾಗಿಲಿಗೆ ನುಗ್ಗುತ್ತಾರೆ. ಅವಧಿಯನ್ನು 25ರಿಂದ 35ರ ನಡುವೆ ಎಲ್ಲೋ ಹಾಕಿದರೆ ನುಗ್ಗು ಚದುರುತ್ತದೆ. ಇನ್ನೂ ಒಳ್ಳೆಯದು, ಒಬ್ಬನೇ ಹೋಗಿ ಹೊಸದು ತರಲಿ, ಅಲ್ಲಿಯವರೆಗೆ ಉಳಿದವರು ಹಳೆಯದರಲ್ಲೇ ಕೆಲಸ ನಡೆಸಲಿ. ಎಪಿಸಿಯುನಲ್ಲಿ "ಇಲ್ಲದಿದ್ದರೆ ಮಾತ್ರ ಸೇರಿಸು" ಅನ್ನುವ ಫಂಕ್ಷನ್ ಇದೆ, ಅದು ಯಾರಿಗೆ ಯಶಸ್ಸು ಕೊಡುತ್ತದೋ ಅವನೇ ಹೋಗುವವನು. ಹೀಗೆ ಮಾಡಿದರೆ ಡೇಟಾಬೇಸ್ ಎರಡು ನಿಮಿಷ ಬಿದ್ದರೂ ತೋರಿಸುವ ಪೇಜ್‌ಗಳು ಕೊನೆಗೆ ಗೊತ್ತಿದ್ದ ಸೆಟ್ಟಿಂಗ್ಸ್ ಮೇಲೆ ನಡೆಯುತ್ತವೆ. ಯಾರಿಗೆ ಏನು ಅನುಮತಿ ಇದೆ ಅನ್ನುವಂಥದ್ದನ್ನು ಮಾತ್ರ ಹೀಗೆ ನಡೆಸಬೇಡಿ, ಕೆಲಸ ಬಿಟ್ಟ ಗುಮಾಸ್ತನ ಲಾಗಿನ್ ಮುಚ್ಚಿದ್ದು ಕ್ಯಾಶ್‌ಗೆ ಗೊತ್ತಿರುವುದಿಲ್ಲ.

ನಿಮ್ಮ ಆ್ಯಪ್‌ನಲ್ಲಿ ಈ ದಂಡದ ಕ್ವೆರಿಗಳು ಎಷ್ಟಿವೆ ಅಂತ ಕಂಡುಹಿಡಿಯಲು ನಿಧಾನದ ಕ್ವೆರಿಗಳನ್ನು ಬರೆದಿಡುವ ಸ್ಲೋ ಕ್ವೆರಿ ಲಾಗ್ ನೋಡಿ ಪ್ರಯೋಜನವಿಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ಅದರ ಡೀಫಾಲ್ಟ್ ಗಡಿ 10 ಸೆಕೆಂಡ್. ಸೆಟ್ಟಿಂಗ್ಸ್ ಕ್ವೆರಿ ಒಂದೊಂದೂ ಮಿಲಿಸೆಕೆಂಡಿನ ಒಳಗೆ ಮುಗಿಯುತ್ತದೆ, ಯಾವ ಕಾಲಕ್ಕೂ ಅಲ್ಲಿ ಬರುವುದಿಲ್ಲ. ಕ್ವೆರಿಗಳ ಲೆಕ್ಕ ಇಡುವ, ಪೋಸ್ಟ್‌ಗ್ರೆಸ್‌ನ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಅಥವಾ ಮೈಎಸ್‌ಕ್ಯುಎಲ್‌ನ ಪರ್ಫಾರ್ಮೆನ್ಸ್ ಸ್ಕೀಮಾದಲ್ಲಿ, ತೆಗೆದುಕೊಂಡ ಸಮಯದ ಬದಲು ಎಷ್ಟು ಸಲ ಕರೆದಿದ್ದಾರೆ ಅನ್ನುವುದರ ಮೇಲೆ ಜೋಡಿಸಿ ನೋಡಿ. ಮೇಲಿನ ಮೂರು ನಾಲ್ಕು ಸಾಲಿನಲ್ಲಿ ಸೆಲೆಕ್ಟ್ 1 ಮತ್ತು ಸೆಟ್ಟಿಂಗ್ಸ್ ಕೂತಿದ್ದರೆ ಕೆಲಸ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಯಿತು.

ಇದೆಲ್ಲ ಮಾಡಿದ ಮೇಲೂ ಒಂದು ಫೋನ್ ಬರುತ್ತದೆ: "ಸರ, ಹಮಾಲಿ ದರ ಬದಲ್ ಮಾಡೀನ್ರಿ, ಇನ್ನಾ ಹಳೀದೇ ತೋರ್ಸಲಕತ್ತದ." ಸೇವ್ ಒತ್ತಿದ ರಿಕ್ವೆಸ್ಟ್ ಒಂದು ಸರ್ವರಿಗೆ ಹೋಗಿ ಅಲ್ಲಿನ ಕ್ಯಾಶ್ ಅಳಿಸಿತು, ಪೇಜ್ ಮತ್ತೆ ತೆರೆದಾಗ ಆ ರಿಕ್ವೆಸ್ಟ್ ಇನ್ನೊಂದು ಸರ್ವರಿಗೆ ಹೋಯಿತು, ಅಲ್ಲಿ ಹಳೆಯದೇ ಇದೆ. ಮಾಲೀಕರು ಸೇವ್ ಆಗಿಲ್ಲ ಅಂದುಕೊಂಡು ಮತ್ತೆ ಬದಲಿಸುತ್ತಾರೆ. ಅದಕ್ಕೆ ಸೆಟ್ಟಿಂಗ್ಸ್ ಬದಲಿಸುವ ಆ ಒಂದು ಪೇಜ್ ಮಾತ್ರ ಯಾವಾಗಲೂ ಕ್ಯಾಶ್ ಬಿಟ್ಟು ನೇರ ಡೇಟಾಬೇಸ್‌ನಿಂದ, ಅದೂ ನಕಲು ಪ್ರತಿಯಾದ ರೆಪ್ಲಿಕಾದಿಂದ ಅಲ್ಲ, ಮುಖ್ಯ ಡೇಟಾಬೇಸ್‌ನಿಂದಲೇ ಓದಬೇಕು. ಸೇವ್ ಆದ ಕೂಡಲೇ "ಎಲ್ಲ ಸ್ಕ್ರೀನ್‌ಗೂ ಬರಲು ಅರ್ಧ ನಿಮಿಷ ಹಿಡಿಯಬಹುದು" ಅಂತ ಒಂದು ಸಾಲು ಕೆಳಗೆ ತೋರಿಸಿಬಿಡಿ.